ಜೀಪಿನ ಮುಂಗಾಲಿಯ ಬೀಗ

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಇಲವಾಲ ಸಿಕ್ಕುತ್ತದೆ. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರೂ ನೆಹರೂ ಅವರೂ ಭಾಗವಹಿಸಿದ್ದ ಗ್ರಾಮದಾನ ಪರಿಷತ್ತು ನಡೆದ ಊರು ಇದೇ. ಕೊಡಗಿನ ಕಾಫಿ ತೋಟಗಳಿಗೆ ಹೋಗುವ ಹೆದ್ದಾರಿಯೂ ಇದೇ ಆದುದರಿಂದ, ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ಹಳೆಯ ಜೀಪುಗಳು ಇಲ್ಲಿ ಅಪರೂಪವಲ್ಲ. ಅಂಥ ಹಲವು ಜೀಪುಗಳ ಮುಂಗಾಲಿಯ ನಡುವೆ, ಅಂಗೈಯಗಲದ ಒಂದು ಲೋಹದ ಡಬ್ಬಿಯೂ ಅದರ ಮೇಲೆ ತಿರುಗುವ ಬಿಲ್ಲೆಯೂ ಕಾಣುತ್ತವೆ. ಬಿಲ್ಲೆಯ ಒಂದು ಬದಿಗೆ 'ಫ್ರೀ', ಇನ್ನೊಂದು ಬದಿಗೆ 'ಲಾಕ್' ಎಂದು ಕೊರೆದಿರುತ್ತದೆ. ಇದೇ ಲಾಕಿಂಗ್ ಹಬ್. ಒಂದು ಭಾನುವಾರ ಇಬ್ಬರು ವಿದ್ಯಾರ್ಥಿಗಳೊಡನೆ ನಾವು ಇಲವಾಲದ ರಸ್ತೆಬದಿಯ ಕಾರ್ಯಾಗಾರವೊಂದರಲ್ಲಿ ಇದನ್ನು ಬಿಚ್ಚಿ ನೋಡಿದೆವು.

ಗಾಲಿಗೆ ಬೀಗವೇಕೆ? ಈ ಪ್ರಶ್ನೆಗೆ ಸ್ವಲ್ಪ ರೇಖಾಗಣಿತ ಬೇಕು. ವಿಲ್ಲಿಸ್ ಮಾದರಿಯ ಸಿಜೆ 3ಬಿ ಜೀಪಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 80 ಅಂಗುಲ, ಎಂದರೆ ಸುಮಾರು 2.03 ಮೀಟರು. ಜೀಪು ತಿರುವಿನಲ್ಲಿ ಹೋಗುವಾಗ ಹಿಂದಿನ ಅಚ್ಚಿನ ನಡುಬಿಂದು 6 ಮೀಟರು ತ್ರಿಜ್ಯದ ವೃತ್ತದಲ್ಲಿ ಚಲಿಸುತ್ತದೆ ಎನ್ನೋಣ. ಪೈಥಾಗೊರಸನ ಪ್ರಮೇಯದಂತೆ ಮುಂದಿನ ಅಚ್ಚಿನ ನಡುಬಿಂದುವಿನ ತ್ರಿಜ್ಯ ಸುಮಾರು 6.33 ಮೀಟರು. ಕಾಲು ವೃತ್ತ ಮುಗಿಯುವಷ್ಟರಲ್ಲಿ ಹಿಂದಿನದು 9.42 ಮೀಟರು, ಮುಂದಿನದು 9.95 ಮೀಟರು ನಡೆದಿರುತ್ತವೆ. ಒಂದೇ ತಿರುವಿನಲ್ಲಿ ಅರ್ಧ ಮೀಟರಿಗೂ ಮಿಕ್ಕ ವ್ಯತ್ಯಾಸ! ನಾಲ್ಕು ಗಾಲಿಗಳ ಚಾಲನೆ ಹಾಕಿದಾಗ ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಚಾಲಕದಂಡಗಳು ಒಂದೇ ವೇಗದಲ್ಲಿ ಸುತ್ತಲೇಬೇಕು. ಕೆಸರಿನಲ್ಲಿ ಗಾಲಿ ಜಾರಿ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಟಾರು ರಸ್ತೆಯಲ್ಲಿ ಜಾರಲೊಲ್ಲದು; ದಂಡಗಳೂ ಗೇರುಗಳೂ ಹುರಿಗೊಂಡು ನರಳುತ್ತವೆ.

ಅದಕ್ಕಾಗಿ ಟಾರು ರಸ್ತೆಯಲ್ಲಿ ಚಾಲಕನು ಪಕ್ಕದ ಚಿಕ್ಕ ಗೇರುಕೋಲಿನಿಂದ ಮುಂದಿನ ಚಾಲನೆಯನ್ನು ತಪ್ಪಿಸುತ್ತಾನೆ. ಆದರೂ ಎಂಜಿನ್ನು ಗಾಲಿಯನ್ನು ತಿರುಗಿಸದಿದ್ದರೇನು, ಗಾಲಿಯೇ ತನ್ನ ಒಳದಂಡವನ್ನೂ ಡಿಫರೆನ್ಷಿಯಲನ್ನೂ ವ್ಯರ್ಥವಾಗಿ ತಿರುಗಿಸುತ್ತ ಹೋಗುತ್ತದೆ. ಇಂಧನ ನಷ್ಟ, ಸವೆತ ಬೇರೆ. ಈ ಜೀತವನ್ನು ತಪ್ಪಿಸಲು 1948ರಲ್ಲಿ ಅಮೆರಿಕದ ಆರ್ಥರ್ ವಾರ್ನ್ ಎಂಬಾತ ಯುದ್ಧಾನಂತರದ ಜೀಪುಗಳಿಗೆ ಈ ಬಗೆಯ ಹಬ್ಬುಗಳನ್ನು ತಯಾರಿಸತೊಡಗಿದ. ಡಬ್ಬಿಯ ಹೊರಮೈ ಗಾಲಿಗೆ ಬಿಗಿದಿರುತ್ತದೆ. ಒಳಗಿನ ಹಲ್ಲುಬಳೆ ದಂಡದ ತುದಿಯನ್ನು ಕಚ್ಚಿರುತ್ತದೆ. ಬಿಲ್ಲೆಯನ್ನು ತಿರುಗಿಸಿದರೆ ಇನ್ನೊಂದು ಜಾರುಬಳೆ ಮುಂದೆ ಸರಿದು ಇವೆರಡನ್ನೂ ಕೂಡಿಸುತ್ತದೆ, ಇಲ್ಲವೇ ಹಿಂದೆ ಸರಿದು ಬಿಡಿಸುತ್ತದೆ.

ಒಂದೇ ಬದಿಯ ಹಬ್ಬಿಗೆ ಬೀಗ ಹಾಕಿದರೆ? ಅರ್ಧ ಬಲವಾದರೂ ಸಿಕ್ಕೀತು ಎಂದು ನಮ್ಮ ವಿದ್ಯಾರ್ಥಿಯೊಬ್ಬ ಹೇಳಿದ. ಸಿಕ್ಕುವುದು ಸೊನ್ನೆ. ಸಾಮಾನ್ಯ ಡಿಫರೆನ್ಷಿಯಲ್ ಎರಡು ಕಡೆಗೂ ಸಮನಾದ ತಿರುಗುಬಲವನ್ನು ಹಂಚುತ್ತದೆ. ಬಿಡಿಸಿದ ಕಡೆಯ ದಂಡಕ್ಕೆ ತಡೆಯೇ ಇಲ್ಲದಿರುವಾಗ ಇನ್ನೊಂದು ಕಡೆಗೂ ಬಲ ಸಿಕ್ಕದು. ಕೆಸರಿನಲ್ಲಿ ಹೂತ ಗಾಲಿ ನಿಂತೇ ಇರುತ್ತದೆ. ಬರಿಯ ದಂಡ ಎರಡರಷ್ಟು ವೇಗದಲ್ಲಿ ಸುತ್ತುತ್ತದೆ.

ಈಗ ಬಿಚ್ಚುವ ಕೆಲಸ. ಸಮತಟ್ಟಾದ ನೆಲದಲ್ಲಿ ಜೀಪನ್ನು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಮುಂದೂ ಹಿಂದೂ ಕಲ್ಲು ಕೊಡಬೇಕು. ಕೈಬ್ರೇಕನ್ನೊಂದನ್ನೇ ನಂಬಬಾರದು. ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಅದು ಗಾಲಿಗಳನ್ನು ಹಿಡಿಯುವುದಿಲ್ಲ, ಹಿಂದಿನ ಚಾಲಕದಂಡವನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೆ, ಮೇಲೆ ಹೇಳಿದ ಡಿಫರೆನ್ಷಿಯಲಿನ ಗುಣದಿಂದಲೇ ಎತ್ತಿದ ಗಾಲಿ ಹಿಮ್ಮುಖ ತಿರುಗಿ, ನೆಲದ ಮೇಲಿನದು ಉರುಳಿ, ಜೀಪು ಜಾಕಿನಿಂದ ಜಾರಬಲ್ಲುದು. ಕೈಬ್ರೇಕು ಎಳೆದಿದ್ದೇನೆಂಬ ಧೈರ್ಯದಿಂದ ಕೆಳಗೆ ನುಸುಳುವವರಿಗೆ ಇದು ತಿಳಿದಿರಬೇಕು.

ಬಿಲ್ಲೆಯನ್ನು 'ಫ್ರೀ'ಗೆ ತಿರುಗಿಸಿ, ಮುಚ್ಚಳದ ಸಣ್ಣ ಬೋಲ್ಟುಗಳನ್ನು ಬಿಚ್ಚಿ ತೆಗೆಯುವುದು ಮೊದಲ ಹಂತ. ಒಳಗೆ ದಂಡದ ತುದಿಯ ಕೊರಕಲಿನಲ್ಲಿ ಸರ್ಕ್ಲಿಪ್ ಎಂಬ ಉಕ್ಕಿನ ಬಾಯ್ದೆರೆದ ಬಳೆ ಕುಳಿತಿರುತ್ತದೆ. ಅದಕ್ಕೆಂದೇ ಇರುವ ಇಕ್ಕಳದಿಂದ ಅರಳಿಸಿ ತೆಗೆಯಬೇಕು. ಅರಳಿದ ಬಳೆಯೆಂದರೆ ಶಕ್ತಿ ತುಂಬಿದ ಸ್ಪ್ರಿಂಗು. ಜಾರಿದರೆ ನೇರ ಕಣ್ಣಿಗೇ ಹಾರೀತು. ಕನ್ನಡಕ ಧರಿಸದೆ ಮುಂದುವರಿಯಬೇಡಿರೆಂದು ನಾವು ಒತ್ತಿ ಹೇಳುತ್ತೇವೆ. ಅನಂತರ ಮೈಯ ದೊಡ್ಡ ಬೋಲ್ಟುಗಳನ್ನು ಬಿಚ್ಚಿದರೆ ಡಬ್ಬಿ ಹೊರಬರಬೇಕು. ಬಾರದಿದ್ದರೆ ತುಕ್ಕೂ ಗಟ್ಟಿಯಾದ ಗ್ರೀಸೂ ಕಾರಣ. ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ನೋಡಬಹುದು: ಅದು ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಸುತ್ತಿಗೆಯ ಪೆಟ್ಟು ಬೇಡ; ಮೃದುಲೋಹ ಬಿರಿಯುತ್ತದೆ.

ಈ ಹಂತದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಗಾಬರಿಗೊಂಡು, "ಇದನ್ನು ತೆಗೆದರೆ ಚಕ್ರವೇ ಕಳಚಿ ಬೀಳುವುದಿಲ್ಲವೇ, ಸಾರ್?" ಎಂದ. ಪ್ರಶ್ನೆ ಬಹು ಸೊಗಸಾದುದು. ಎತ್ತಿನ ಗಾಡಿಯನ್ನು ನೆನೆಯಿರಿ: ಅಚ್ಚು ಭಾರ ಹೊರುತ್ತದೆ, ತಿರುಗುವುದಿಲ್ಲ, ಗಾಲಿ ಅದರ ಮೇಲೆ ತಿರುಗುತ್ತದೆ, ಕಡಾಣಿ ಅದನ್ನು ಜಾರದಂತೆ ತಡೆಯುತ್ತದೆ. ಜೀಪಿನ ಮುಂಗಾಲಿಯೂ ಹಾಗೆಯೇ. ಅದು ತಿರುಗದ ಟೊಳ್ಳು ಕೊಳವೆಯೊಂದರ ಮೇಲೆ ಎರಡು ಬೇರಿಂಗುಗಳ ಆಧಾರದಿಂದ ಕುಳಿತಿದೆ. ಚಾಲನೆಯ ದಂಡ ಕೊಳವೆಯೊಳಗೆ ಹಾದುಬರುತ್ತದೆ. ಭಾರ ಹೊರುವುದು ಅದರ ಕೆಲಸವಲ್ಲ. ಆದುದರಿಂದ ಹಬ್ಬನ್ನಷ್ಟೇ ತೆಗೆಯಲು ಜಾಕೂ ಬೇಡ.

ಕಡಾಣಿಯ ಕೆಲಸ ಮಾಡುವವು ಹಬ್ಬಿನ ಹಿಂದೆ ಕಾಣುವ ಎರಡು ದೊಡ್ಡ ನಟ್ಟುಗಳು. ಇವುಗಳನ್ನು ಮುಟ್ಟುವುದಾದರೆ ಮಾತ್ರ ಗಾಲಿಯನ್ನು ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಲೇಬೇಕು. ಒಳನಟ್ಟು ಬೇರಿಂಗನ್ನು ಒತ್ತುತ್ತದೆ, ಹೊರನಟ್ಟು ಅದನ್ನು ಕಾಯುತ್ತದೆ, ನಡುವೆ ಒಂದು ನಾಲಗೆಯುಳ್ಳ ವಾಷರು. ನಾಲಗೆ ಕೊಳವೆಯ ಗಾಡಿಯಲ್ಲಿ ಕೂರುವುದರಿಂದ ವಾಷರು ತಿರುಗದು. ಗಾಲಿಯ ತಿರುಗಾಟ ಒಂದು ನಟ್ಟಿನಿಂದ ಇನ್ನೊಂದಕ್ಕೆ ದಾಟದು.

ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರ ಜೀಪಿಗೆ ನಾವೇ ಗ್ರೀಸು ತುಂಬಿ, ನಾಲಗೆ ಗಾಡಿಗೆ ಕೂತಿತೋ ಇಲ್ಲವೋ ನೋಡದೆ ಹೊರನಟ್ಟನ್ನು ಬಿಗಿದೆವು. ಬಿಳಿಕೆರೆ ದಾಟುವ ಮೊದಲೇ ಸ್ಟಿಯರಿಂಗು ನಡುಗತೊಡಗಿತು. ನಿಲ್ಲಿಸಿ ಎಡಗಾಲಿಯನ್ನೆತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಹಾಲುಹಲ್ಲಿನಂತೆ ಆಡುತ್ತಿತ್ತು. ಹಿಂದಿನ ಸೀಟಿನಲ್ಲಿ ಮಿತ್ರರ ಇಬ್ಬರು ಮಕ್ಕಳು ಕುಳಿತಿದ್ದರು. ಆ ದಿನದಿಂದ ನಾವು ಆ ನಾಲಗೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಹೊರನಟ್ಟನ್ನು ಹಾಕಿಲ್ಲ.

ಒಳನಟ್ಟನ್ನು ಎಷ್ಟು ಬಿಗಿಯಬೇಕು? ಗಾಲಿಯನ್ನು ಕೈಯಿಂದ ತಿರುಗಿಸುತ್ತ, ಅದು ಬಿಗಿ ಹಿಡಿಯುವ ತನಕ ಬಿಗಿದು, ಬಳಿಕ ಸುತ್ತಿನ ಆರನೆಯ ಒಂದು ಪಾಲಿನಷ್ಟು ಸಡಿಲಿಸುವುದು ಹಳೆಯ ಜೀಪುಗಳಲ್ಲಿ ರೂಢಿ. ಆಯಾ ವಾಹನದ ಕೈಪಿಡಿಯ ಮಾತೇ ಅಂತಿಮ. ತಿರುಪಿನ ಎಳೆಗಳ ಅಂತರ 1.5 ಮಿಲಿಮೀಟರು ಎಂದುಕೊಂಡರೆ ಆರನೆಯ ಒಂದು ಸುತ್ತೆಂದರೆ ಕಾಲು ಮಿಲಿಮೀಟರು. ತೀರ ಬಿಗಿಯಾದರೆ ಘರ್ಷಣೆಯಿಂದ ಬೇರಿಂಗು ಕಾದು ಸುಡುತ್ತದೆ. ಸಡಿಲವಾದರೆ ನಮಗಾದ ಗತಿಯೇ.

ಎಲ್ಲವನ್ನೂ ಬಂದ ಕ್ರಮಕ್ಕೆ ವಿರುದ್ಧವಾಗಿ ಜೋಡಿಸಬೇಕು. ಹಬ್ಬಿನೊಳಗೆ ಗ್ರೀಸನ್ನು ತೆಳುವಾಗಿ ಸವರಿದರೆ ಸಾಕು. ಕಿಕ್ಕಿರಿದು ತುಂಬಿದರೆ ಜಾರುಬಳೆ ಸರಿಯಲಾರದು. ಮುಚ್ಚಳ ಹಾಕುವ ಮುನ್ನ ಗಾಲಿಯನ್ನು ಕೈಯಿಂದ ತಿರುಗಿಸಿದಾಗ ನಡುವಿನ ದಂಡದ ತುದಿ ಸುಮ್ಮನಿತ್ತು. ಮುಚ್ಚಳ ಬಿಗಿದು, ಬಿಲ್ಲೆಯನ್ನು 'ಲಾಕ್'ಗೆ ತಿರುಗಿಸಿ ಮತ್ತೆ ಗಾಲಿಯನ್ನು ತಳ್ಳಿದೆವು. 'ಟಕ್' ಎಂಬ ಸದ್ದಾಯಿತು. ಜೀಪಿನಡಿಯಲ್ಲಿ ಚಾಲಕದಂಡ ನಿಧಾನವಾಗಿ ಸುತ್ತತೊಡಗಿತು.