ನಾಲ್ಕು ಕೋರ್ ಕೊಟ್ಟರೂ ಕಂಡದ್ದು ಎರಡೇ: ಒಂದು ದೋಷಶೋಧನಾ ಪಾಠ

ತರಗತಿ: ಪ್ರಥಮ ಪಿಯುಸಿ, ಗಣಕ ವಿಜ್ಞಾನ
ಘಟಕ: ಕಾರ್ಯಾಚರಣಾ ವ್ಯವಸ್ಥೆ (ಪೂರಕ ಪ್ರಯೋಗ)
ಅವಧಿ: 45 ನಿಮಿಷ
ಕಲಿಕಾ ಉದ್ದೇಶ: ವರ್ಚುವಲ್ ಯಂತ್ರಕ್ಕೆ ಹಂಚಿದ ಪ್ರೊಸೆಸರ್ ಕೋರ್‌ಗಳು ಪೂರ್ತಿ ಕಾಣದಿದ್ದಾಗ, ವಿದ್ಯಾರ್ಥಿಗಳು ಸಾಧ್ಯ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ನಿಜವಾದ ಕಾರಣವನ್ನು ಗುರುತಿಸುವರು.

ಮೊದಲ ಪಾಠದಲ್ಲಿ ಆದದ್ದು

ಒಂದೇ ಗಣಕದೊಳಗೆ ಇನ್ನೊಂದು ಗಣಕ ಹೇಗೆ ನಡೆಯುತ್ತದೆಂದು ತೋರಿಸಲು, ಉಬುಂಟು ಲ್ಯಾಪ್‌ಟಾಪಿನಲ್ಲಿ ಕೆವಿಎಂ ಬಳಸಿ ವಿಂಡೋಸ್ 10 ಪ್ರೊ ಇರುವ ವರ್ಚುವಲ್ ಯಂತ್ರವನ್ನು ಸಿದ್ಧಪಡಿಸಿದ್ದೆ. ಅದಕ್ಕೆ 4 ವರ್ಚುವಲ್ ಪ್ರೊಸೆಸರ್ ಕೊಟ್ಟಿದ್ದೆ. ತರಗತಿಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಂಡದ್ದು 2 ಮಾತ್ರ.

“ಮೇಡಂ, ಉಳಿದೆರಡು ಎಲ್ಲಿ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಗಾಬರಿಯಲ್ಲಿ ಸಂಖ್ಯೆಯನ್ನು 8ಕ್ಕೆ ಏರಿಸಿ ಮತ್ತೆ ಚಾಲೂ ಮಾಡಿದೆ. ಆಗಲೂ 2! “ಕೆಲವೊಮ್ಮೆ ಹೀಗಾಗುತ್ತದೆ” ಎಂದು ಹೇಳಿ ಪಾಠ ಮುಂದುವರಿಸಿದೆ. ಅವಲೋಕಿಸುತ್ತಿದ್ದ ಮಾರ್ಗದರ್ಶಕರು ದಾಖಲೆ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ಆ ಪ್ರಶ್ನೆಯೇ ಪಾಠವಾಗಬಹುದಿತ್ತು.” ಮರುವಾರ ಅದನ್ನೇ ಪಾಠವಾಗಿ ಯೋಜಿಸಿದೆ.

ಮರುಪಾಠದ ಹಂತಗಳು

1. ಊಹೆ: ಕಾರಣವೇನಿರಬಹುದೆಂದು ಕೇಳಿದೆ. ವಿದ್ಯಾರ್ಥಿಗಳು ಹೇಳಿದ ಮೂರನ್ನು ಕಪ್ಪುಹಲಗೆಯ ಮೇಲೆ ಬರೆದೆ: ಲ್ಯಾಪ್‌ಟಾಪಿನಲ್ಲಿಯೇ ಅಷ್ಟು ಕೋರ್ ಇಲ್ಲ, ಕೆವಿಎಂ ಕೊಡುತ್ತಿಲ್ಲ, ವಿಂಡೋಸ್ ತೆಗೆದುಕೊಳ್ಳುತ್ತಿಲ್ಲ.

2. ಮೊದಲ ಪರೀಕ್ಷೆ: ಲ್ಯಾಪ್‌ಟಾಪಿನಲ್ಲಿ ‘ಎಲ್‌ಎಸ್‌ಸಿಪಿಯು’ ಆದೇಶ ನೀಡಿದೆವು. 4 ಕೋರ್, ಪ್ರತಿ ಕೋರಿಗೆ 2 ಥ್ರೆಡ್, ಒಟ್ಟು 8. ಮೊದಲ ಊಹೆ ಅಳಿಸಿತು.

3. ಎರಡನೆಯ ಪರೀಕ್ಷೆ: ಅದೇ ಹಂಚಿಕೆಯನ್ನು ಉಬುಂಟು ಇರುವ ಇನ್ನೊಂದು ವರ್ಚುವಲ್ ಯಂತ್ರಕ್ಕೆ ಕೊಟ್ಟು ‘ಎನ್‌ಪ್ರಾಕ್’ ಆದೇಶ ನೀಡಿದೆವು. ಉತ್ತರ 4. ಕೆವಿಎಂ ಕೊಡುತ್ತಿದೆ. ಎರಡನೆಯ ಊಹೆಯೂ ಅಳಿಸಿತು.

4. ಕಾರಣ: ವರ್ಚುವಲ್ ಯಂತ್ರದ ಸೆಟ್ಟಿಂಗ್‌ನಲ್ಲಿ ‘ಟೋಪಾಲಜಿ’ ತೆರೆದಾಗ 4 ಸಾಕೆಟ್, 1 ಕೋರ್, 1 ಥ್ರೆಡ್ ಎಂದಿತ್ತು. ಅಂದರೆ ಪ್ರತಿ ಸಾಕೆಟ್ಟಿಗೆ ಒಂದೇ ಕೋರ್. ಇದನ್ನು ಪರೀಕ್ಷಾ ಕೇಂದ್ರದ ಹೋಲಿಕೆಯಿಂದ ವಿವರಿಸಿದೆ. ನಾಲ್ಕು ಕೊಠಡಿಗಳಲ್ಲಿ ಒಂದೊಂದು ಬೆಂಚು ಹಾಕಿದರೂ, ಒಂದೇ ಕೊಠಡಿಯಲ್ಲಿ ನಾಲ್ಕು ಹಾಕಿದರೂ ಒಟ್ಟು ಬೆಂಚು ನಾಲ್ಕೇ. ಆದರೆ ಎರಡೇ ಕೊಠಡಿ ತೆರೆಯಲು ಅನುಮತಿ ಇದ್ದರೆ, ಮೊದಲ ವ್ಯವಸ್ಥೆಯಲ್ಲಿ ಎರಡು ಬೆಂಚು ಮಾತ್ರ ಸಿಗುತ್ತವೆ. ಕೊಠಡಿಯೇ ಸಾಕೆಟ್, ಬೆಂಚೇ ಕೋರ್. ವಿಂಡೋಸ್ 10 ಪ್ರೊ ಗರಿಷ್ಠ 2 ಸಾಕೆಟ್‌ಗಳನ್ನು ಬಳಸುತ್ತದೆ. ಹೋಮ್ ಆವೃತ್ತಿ 1 ಮಾತ್ರ. ಉಬುಂಟುವಿಗೆ ಈ ಮಿತಿ ಇಲ್ಲ. ನಾನು 8ಕ್ಕೆ ಏರಿಸಿದಾಗ ಸೇರಿದ್ದು ಹೊಸ ಕೊಠಡಿಗಳೇ. ಅವೂ ಮುಚ್ಚಿಯೇ ಇದ್ದವು.

5. ಪರಿಹಾರ: ಏನಾಗಬಹುದೆಂದು ಮೊದಲು ನೋಟ್‌ಬುಕ್ಕಿನಲ್ಲಿ ಬರೆಸಿ, ನಂತರ ಟೋಪಾಲಜಿಯನ್ನು 1 ಸಾಕೆಟ್, 4 ಕೋರ್, 1 ಥ್ರೆಡ್ ಎಂದು ಬದಲಿಸಿದೆ. ಈ ಮೂರರ ಗುಣಲಬ್ಧ ಒಟ್ಟು ವರ್ಚುವಲ್ ಪ್ರೊಸೆಸರ್‌ಗಳ ಸಂಖ್ಯೆಗೆ ಸಮವಾಗಿರಬೇಕು: 1×4×1=4. ವರ್ಚುವಲ್ ಯಂತ್ರವನ್ನು ಪೂರ್ತಿ ಆರಿಸಿ ಚಾಲೂ ಮಾಡಿದಾಗ ಟಾಸ್ಕ್ ಮ್ಯಾನೇಜರ್ 4 ತೋರಿಸಿತು.

ಮೌಲ್ಯಮಾಪನ

ಪ್ರಶ್ನೆ: ವಿಂಡೋಸ್ 10 ಪ್ರೊ ಯಂತ್ರಕ್ಕೆ 4 ಸಾಕೆಟ್, ಪ್ರತಿಯೊಂದರಲ್ಲಿ 2 ಕೋರ್, 1 ಥ್ರೆಡ್ ಕೊಟ್ಟರೆ ಎಷ್ಟು ಕಾಣುತ್ತವೆ? ಕೆಲವರು 8 ಎಂದರು, ಕೆಲವರು 2 ಎಂದರು. ಸರಿಯುತ್ತರ 4: ತೆರೆಯುವ ಕೊಠಡಿ ಎರಡು, ಪ್ರತಿಯೊಂದರಲ್ಲೂ ಎರಡು ಬೆಂಚು. 2 ಎಂದವರು ಮೊದಲು ಕಂಡ ಸಂಖ್ಯೆಯನ್ನೇ ನೆನಪಿಟ್ಟಿದ್ದರು, ಕಾರಣವನ್ನಲ್ಲ. ಅವರಿಗೆ ಕೊಠಡಿಗಳ ಚಿತ್ರ ಬರೆಸಿ ಮತ್ತೆ ಎಣಿಸಲು ಹೇಳಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹೋಲಿಸಿ ನೋಡಲು ಎರಡನೆಯ ವರ್ಚುವಲ್ ಯಂತ್ರವನ್ನು ಮೊದಲೇ ಸಿದ್ಧವಿಟ್ಟುಕೊಳ್ಳಿ. ಅದಿಲ್ಲದೆ ಮೂರನೆಯ ಹಂತ ನಡೆಯದು. ಟೋಪಾಲಜಿ ಬದಲಿಸಿದ ಮೇಲೆ ವಿಂಡೋಸ್ ಒಳಗಿನಿಂದ ರೀಸ್ಟಾರ್ಟ್ ಮಾಡಿದರೆ ಸಾಲದು, ಪೂರ್ತಿ ಆರಿಸಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಮೊದಲ ದಿನ ನಾನು ಸಂಖ್ಯೆಯನ್ನು ಏರಿಸಿದ್ದು ಪರೀಕ್ಷೆಯಾಗಿರಲಿಲ್ಲ, ಬರೀ ಗಾಬರಿ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ “ಸೇರಿ ಹುಡುಕೋಣ” ಎನ್ನಲು ಪಾಠಯೋಜನೆಯಲ್ಲಿ ಐದು ನಿಮಿಷ ಬಿಟ್ಟುಕೊಳ್ಳುವುದನ್ನು ನಾನೀಗ ರೂಢಿಸಿಕೊಂಡಿದ್ದೇನೆ.