ಒಲೆ ಆರಬಾರದು: ಸಲಕರಣೆ ಎಲೆಗಳ ಕಾಂಬೊ ಡೆಕ್ ಕಟ್ಟುವ ಬಗೆ

ಚೌತಿಯ ಮರುದಿನ. ಹೊರಗೆ ಜಡಿಮಳೆ, ಕರೆಂಟಿಲ್ಲ, ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಜಗಲಿಯ ಈ ಮೂಲೆಯಲ್ಲಿ ದೊಡ್ಡವರ ‘ಇಪ್ಪತ್ತೆಂಟು’ ಇಸ್ಪೀಟಾಟ, ಆ ಮೂಲೆಯಲ್ಲಿ ಬೆಂಗಳೂರಿನಿಂದ ಬಂದ ಅಕ್ಕನ ಮಗ ಹರಡಿಕೊಂಡು ಕೂತ ಬಣ್ಣದ ಎಲೆಗಳು. ನಾನು ಈ ಮೂಲೆಯಿಂದ ಆ ಮೂಲೆಗೆ ಸರಿದದ್ದು ಹಾಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಒಂಟಿ ಮನೆಗಳ ಮಳೆಗಾಲಕ್ಕೆ ಹೇಳಿ ಮಾಡಿಸಿದಂಥ ಆಟ ಇದು. ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ಗಣಿತದಲ್ಲಿ ಪಿಎಚ್‌.ಡಿ. ಮಾಡಿದ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ ಮಾರುಕಟ್ಟೆಗೆ ಬಂದದ್ದು 1993ರಲ್ಲಿ.

ಇಪ್ಪತ್ತೆಂಟಕ್ಕೆ ಕೂರುವ ಮೊದಲು 52 ಎಲೆಗಳಲ್ಲಿ 20 ತೆಗೆದಿಡುತ್ತೇವಲ್ಲ, ಉಳಿದ 32ರಲ್ಲೇ ಆಟ. ಇಲ್ಲಿ ಆ ಆಯ್ಕೆ ಇನ್ನೂ ದೊಡ್ಡದು. ಸಾವಿರಾರು ಬಗೆಯ ಎಲೆಗಳಿಂದ ಕನಿಷ್ಠ 60 ಆರಿಸಿ ನಿಮ್ಮ ಕಟ್ಟನ್ನು ನೀವೇ ಕಟ್ಟಿಕೊಂಡು ಬರಬೇಕು. ಒಂದೇ ಎಲೆ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಸಾದಾ ಭೂಮಿ ಎಲೆಗಳಿಗೆ ಮಾತ್ರ ಆ ಮಿತಿ ಇಲ್ಲ. ಕೈಗೆ ಮೊದಲು ಏಳು ಎಲೆ. ಸರದಿಗೊಂದು ಭೂಮಿ ಇಳಿಸಿ, ಅದರಿಂದ ಹುಟ್ಟುವ ‘ಮಾನಾ’ ಎಂಬ ಬಂಡವಾಳದಲ್ಲಿ ಮಿಕ್ಕ ಎಲೆಗಳನ್ನು ಆಡುವುದು. ಎದುರಾಳಿಯ 20 ಜೀವ ತೆಗೆದರೆ ಗೆಲುವು.

ಇದರಲ್ಲಿ ಆರ್ಟಿಫ್ಯಾಕ್ಟ್ ಎಂದು ಒಂದು ಜಾತಿಯಿದೆ: ಕತ್ತಿ, ಯಂತ್ರ, ಕುಲುಮೆ, ಕಲ್ಲು, ಒಟ್ಟಿನಲ್ಲಿ ಸಲಕರಣೆ. ನನಗೆ ಹಿಡಿಸಿದ್ದು ಇವೇ. ಭಾರತದ ಛಾಯೆಯಲ್ಲಿ ಆಟದ ಕಂಪನಿ ಕಲ್ಪಿಸಿದ ‘ಕಲಾದೇಶ್’ ಎಂಬ ಲೋಕ 2016ರಲ್ಲಿ ಬಂತು. ಅದು ಪೂರ್ತಿ ಸಲಕರಣೆಗಳ ನಾಡು. 2025ರಲ್ಲಿ ಅದಕ್ಕೆ ‘ಅವಿಷ್ಕಾರ್’ ಎಂದು ಮರುನಾಮಕರಣವಾಯಿತು. ಆಯುಧಪೂಜೆ ಮಾಡುವವರಿಗೆ ಅಂಥ ನಾಡು ಪರಕೀಯ ಎನಿಸುವುದಿಲ್ಲ.

ಮೊದಲು ಯಂತ್ರ

ಹೊಸಬರು ಮಾಡುವ ತಪ್ಪು ಒಂದೇ: ಚೆಂದ ಕಂಡ ಸಲಕರಣೆಗಳನ್ನೆಲ್ಲ ಗುಡ್ಡೆ ಹಾಕುವುದು. ನನ್ನ ಮೊದಲ ಕಟ್ಟೂ ಹಾಗೇ ಇತ್ತು, ಅಟ್ಟದ ಮೇಲಿನ ಹಳೇ ಸಾಮಾನಿನ ಹಾಗೆ. ಕಾಂಬೊ ಡೆಕ್‌ ಎಂದರೆ ಒಂದಕ್ಕೊಂದು ಕೂಡಿ ಗೆಲ್ಲಿಸುವ ಕೆಲವೇ ಎಲೆಗಳ ಸುತ್ತ ನಿಂತ ಕಟ್ಟು. ಅದನ್ನು ಕಟ್ಟುವುದು ಹಿಂದಿನಿಂದ ಮುಂದಕ್ಕೆ. ಗೆಲ್ಲಿಸುವ ಯಂತ್ರ ಯಾವುದೆಂದು ಮೊದಲು ಗೊತ್ತುಮಾಡಿ, ಆಮೇಲೆ ಅದಕ್ಕೆ ದುಡಿಯುವ ಎಲೆಗಳನ್ನಷ್ಟೇ ಸೇರಿಸಬೇಕು.

ಕಲಿಯಲು ಒಳ್ಳೆಯ ಯಂತ್ರವೆಂದರೆ ಥಾಪ್ಟರ್ ಫೌಂಡ್ರಿ ಮತ್ತು ಸೋರ್ಡ್ ಆಫ್ ದ ಮೀಕ್‌ನ ಜೋಡಿ. ನಮ್ಮನೆಯಲ್ಲಿ ಅವು ‘ಕುಲುಮೆ’ ಮತ್ತು ‘ಕತ್ತಿ’. ಕುಲುಮೆಗೆ ಒಂದು ಮಾನಾ ಕೊಟ್ಟು, ಟೋಕನ್ (ಎಲೆಯಾಗಿರದೆ ಆಟದ ನಡುವೆ ಹುಟ್ಟಿದ್ದು) ಅಲ್ಲದ ಒಂದು ಸಲಕರಣೆಯನ್ನು ಬಲಿ ಹಾಕಿದರೆ ಹಾರುವ ಪುಟ್ಟ ಯಂತ್ರವೊಂದು ಹುಟ್ಟುತ್ತದೆ, ಜೊತೆಗೆ ಒಂದು ಜೀವ. ಆ ಹಾರುಯಂತ್ರಕ್ಕೆ ಹುಡುಗರು ಏರೋಪ್ಲೇನ್ ಚಿಟ್ಟೆ ಅನ್ನುತ್ತಾರೆ. ಬಲ ಒಂದು, ತಾಳಿಕೆ ಒಂದು, ಅಂದರೆ 1/1. ಕತ್ತಿಯ ಗುಣ ಇನ್ನೊಂದು ಬಗೆಯದು: ನಿಮ್ಮ ಕಡೆ 1/1ರ ಜೀವಿ ಬಂದೊಡನೆ, ಎಸೆದ ರಾಶಿಯಲ್ಲಿರುವ ಕತ್ತಿ ಎದ್ದು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ಕತ್ತಿಯನ್ನೇ ಬಲಿ ಹಾಕಿ. ಚಿಟ್ಟೆ ಹುಟ್ಟುತ್ತದೆ, ಕತ್ತಿ ವಾಪಸು. ಮತ್ತೆ ಹಾಕಿ, ಮತ್ತೆ ವಾಪಸು. ಎಷ್ಟು ಮಾನಾ ಇದೆಯೋ ಅಷ್ಟು ಚಿಟ್ಟೆ, ಅಷ್ಟು ಜೀವ.

ಇದಕ್ಕೆ ಕೊನೆಯಿದೆ, ಮಾನಾ ಮುಗಿಯುತ್ತದೆ. ಕೊನೆಯಿಲ್ಲದಂತೆ ಮಾಡುವುದು ಮೂರನೆಯ ಎಲೆ, ಕ್ರಾರ್ಕ್-ಕ್ಲ್ಯಾನ್ ಐರನ್‌ವರ್ಕ್ಸ್. ನಮ್ಮ ಭಾಷೆಯಲ್ಲಿ ‘ಒಲೆ’. ಯಾವುದೇ ಸಲಕರಣೆಯನ್ನು ಅದಕ್ಕೆ ನೂಕಿದರೆ ಎರಡು ಮಾನಾ ಕೊಡುತ್ತದೆ. ಚಿಟ್ಟೆಯೂ ಸಲಕರಣೆಯೇ ಆದ್ದರಿಂದ ಅದನ್ನು ಒಲೆಗೆ ಹಾಕಿ, ಎರಡು ಬಂತು. ಒಂದನ್ನು ಕುಲುಮೆಗೆ ಕೊಟ್ಟು ಕತ್ತಿಯನ್ನು ಬಲಿ ಹಾಕಿ. ಹೊಸ ಚಿಟ್ಟೆ, ಕತ್ತಿ ವಾಪಸು. ಪ್ರತಿ ಸುತ್ತಿಗೆ ಒಂದು ಮಾನಾ, ಒಂದು ಜೀವ ಲಾಭ. ಬೇಕಾದಷ್ಟು ಕೂಡಿದ ಮೇಲೆ ಚಿಟ್ಟೆಗಳನ್ನು ಸುಡುವುದು ನಿಲ್ಲಿಸಿ, ಕೂಡಿಟ್ಟ ಮಾನಾದಿಂದ ಚಿಟ್ಟೆಗಳ ಹಿಂಡನ್ನೇ ಎಬ್ಬಿಸಿ. ಸರದಿಯ ಹಂತ ಬದಲಾದರೆ ಕೂಡಿಟ್ಟ ಮಾನಾ ಆವಿಯಾಗುತ್ತದೆ. ಇಡೀ ಕೆಲಸ ಒಂದೇ ಹಂತದಲ್ಲಿ ಮುಗಿಯಬೇಕು.

ಆಲೆಮನೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಣ ಹಿಂಡಿ ಬಿಟ್ಟ ಸಿಪ್ಪೆಯೇ ಒಣಗಿ ಒಲೆಗೆ ಹೋಗುತ್ತದೆ, ಆ ಬೆಂಕಿಯಲ್ಲೇ ಕೊಪ್ಪರಿಗೆಯ ಕಬ್ಬಿನ ಹಾಲು ಬೆಲ್ಲವಾಗುತ್ತದೆ. ನಾವೆಲ್ಲ ಹಾಲು ಕುಡಿದು, ನೊರೆಬೆಲ್ಲ ನೆಕ್ಕಿ ಬರುತ್ತೇವೆ. ಒಲೆಬಾಯಿಯ ಮುಂದೆ ಸಿಪ್ಪೆ ನೂಕುತ್ತಾ ಕೂತವನ ಕಡೆ ಯಾರೂ ನೋಡುವುದಿಲ್ಲ. ಅವನೆದ್ದು ಹೋದರೆ ಕೊಪ್ಪರಿಗೆ ತಣ್ಣಗಾಗುತ್ತದೆ. ಕಾಂಬೊ ಡೆಕ್‌ನಲ್ಲಿ ಮೂರು ಎಲೆ ಬೆಲ್ಲವಾದರೆ ಉಳಿದವೆಲ್ಲ ಆ ಸಿಪ್ಪೆ ನೂಕುವವನ ಕೆಲಸದವು. ಡೆಕ್ ಒಳ್ಳೆಯದೋ ಕೆಟ್ಟದ್ದೋ ತೀರ್ಮಾನವಾಗುವುದು ಅಲ್ಲೇ.

ಹುಡುಕುವ ಎಲೆಗಳು

ಸ್ವಲ್ಪ ಲೆಕ್ಕ. ಅರವತ್ತರಲ್ಲಿ ನಾಲ್ಕು ಇರುವ ಎಲೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಾಧ್ಯತೆ ಸುಮಾರು ಶೇ 40. ಎಂಟು ಇದ್ದರೆ ಶೇ 65. ನಾಲ್ಕನ್ನು ಎಂಟಾಗಿಸುವ ದಾರಿ ಹುಡುಕುವ ಎಲೆಗಳದು. ಮಡಲ್ ದ ಮಿಕ್ಸ್‌ಚರ್ ಇದಕ್ಕೆ ಸೊಗಸಾಗಿ ಹೊಂದುತ್ತದೆ. ಮೂರು ಮಾನಾ ತೆತ್ತು ಅದನ್ನು ಎಸೆದರೆ ಅದರಷ್ಟೇ ಬೆಲೆಯ, ಅಂದರೆ ಎರಡು ಮಾನಾ ಬೆಲೆಯ, ಯಾವ ಎಲೆಯನ್ನಾದರೂ ಕಟ್ಟಿನಿಂದ ಹೆಕ್ಕಬಹುದು. ಕುಲುಮೆಯ ಬೆಲೆ ಎರಡು, ಕತ್ತಿಯ ಬೆಲೆಯೂ ಎರಡು. ಹುಡುಕುವ ಅಗತ್ಯವೇ ಇಲ್ಲದ ದಿನ ಅದು ಎದುರಾಳಿಯ ಮಂತ್ರವೊಂದನ್ನು ತಡೆಯುವ ಕೆಲಸಕ್ಕೂ ಬರುತ್ತದೆ.

ಥರ್ಸ್ಟ್ ಫಾರ್ ನಾಲೆಜ್ ಮೂರು ಎಲೆ ಎಳೆದುಕೊಳ್ಳಲು ಬಿಡುತ್ತದೆ. ಆಮೇಲೆ ಎರಡು ಎಸೆಯಬೇಕು, ಸಲಕರಣೆಯಾದರೆ ಒಂದೇ ಸಾಕು. ಆಗ ಕತ್ತಿಯನ್ನು ಎಸೆಯಿರಿ. ನಷ್ಟವೇನಿಲ್ಲ, ಕತ್ತಿಗೆ ಎಸೆದ ರಾಶಿಯೇ ಮನೆ. ವರ್ ಆಫ್ ಇನ್ವೆನ್ಷನ್ ಬೇಕಾದ ಸಲಕರಣೆಯನ್ನು ನೇರ ಕಣಕ್ಕೇ ಇಳಿಸುತ್ತದೆ, ನಿಮ್ಮ ಬೇರೆ ಸಲಕರಣೆಗಳೇ ಅದರ ಖರ್ಚಿಗೆ ಹೆಗಲು ಕೊಡುತ್ತವೆ. ಇದು ಕಲಾದೇಶದ ಕಥೆಯ ಎರಡನೇ ಕಂತಿನದು, 2017ರ ಜನವರಿಯಲ್ಲಿ ಬಂದದ್ದು.

ಇನ್ನು ಒಲೆಗೆ ಸಿಪ್ಪೆ. ಇಕರ್ ವೆಲ್‌ಸ್ಪ್ರಿಂಗ್ ಬರುವಾಗ ಒಂದು ಎಲೆ ಕೊಡುತ್ತದೆ, ಸಾಯುವಾಗ ಇನ್ನೊಂದು. ಕ್ರೊಮ್ಯಾಟಿಕ್ ಸ್ಟಾರ್ ಸಾಯುವಾಗ ಒಂದು ಕೊಡುತ್ತದೆ. ಕತ್ತಿ ಸಿಗುವ ತನಕ ಕುಲುಮೆಗೆ ಇವನ್ನೇ ಹಾಕುತ್ತಿರಬಹುದು.

ಒಟ್ಟು ಕಟ್ಟು

ನಾನೀಗ ಆಡುವುದು ಹೀಗಿದೆ. ಥಾಪ್ಟರ್ ಫೌಂಡ್ರಿ 4, ಸೋರ್ಡ್ ಆಫ್ ದ ಮೀಕ್ 3, ಐರನ್‌ವರ್ಕ್ಸ್ 2, ಟೈಮ್ ಸಿವ್ 2 (ಇದರ ಕಥೆ ಕೊನೆಗೆ). ಮಡಲ್ 4, ಥರ್ಸ್ಟ್ 4, ವರ್ 2. ವೆಲ್‌ಸ್ಪ್ರಿಂಗ್ 4, ಸ್ಟಾರ್ 4, ಮಾನಾ ಕೊಡುವ ಮೈಂಡ್ ಸ್ಟೋನ್ 4. ಎದುರಾಳಿಯ ಸಣ್ಣ ಜೀವಿಗಳನ್ನು ಕೊಲ್ಲಲು ಫೇಟಲ್ ಪುಶ್ 4. ಭೂಮಿ 23: ದ್ವೀಪ 9, ಜೌಗು 6, ಮತ್ತು ಭೂಮಿಯೂ ಸಲಕರಣೆಯೂ ಆಗಿರುವ ಸೀಟ್ ಆಫ್ ದ ಸಿನಡ್ 4, ವಾಲ್ಟ್ ಆಫ್ ವಿಸ್ಪರ್ಸ್ 4. ಕತ್ತಿ ಮೂರೇ ಏಕೆಂದರೆ ಒಂದು ಕಣಕ್ಕಿಳಿದ ಮೇಲೆ ಎರಡನೆಯದರಿಂದ ಹೆಚ್ಚಿನ ಕೆಲಸವಿಲ್ಲ. ‘ನಿಮ್ಮ ಜೀವಿಗಳಿಗೆಲ್ಲ ಬಲ ಹೆಚ್ಚುತ್ತದೆ’ ಎನ್ನುವ ಎಲೆಯನ್ನು ಆಸೆಗೆ ಬಿದ್ದು ಸೇರಿಸಬೇಡಿ. ಚಿಟ್ಟೆ 2/2 ಆಗಿ ಹುಟ್ಟಿದರೆ ಕತ್ತಿ ಏಳುವುದೇ ಇಲ್ಲ. ನಾನು ಒಮ್ಮೆ ಹೀಗೇ ಸೋತೆ.

ಇದು ಮನೆ ಜಗಲಿಯ ಕಟ್ಟು ಎಂಬುದು ನೆನಪಿರಲಿ. ‘ಮಾಡರ್ನ್’ ಪದ್ಧತಿಯ ಸ್ಪರ್ಧೆಗಳಲ್ಲಿ ಐರನ್‌ವರ್ಕ್ಸ್‌ಗೆ 2019ರ ಜನವರಿಯಲ್ಲಿ ನಿಷೇಧ ಬಿತ್ತು. ಈ ಕಟ್ಟಿನ ಎರಡು ಬಗೆಯ ಸಲಕರಣೆ ಭೂಮಿಗಳಿಗೂ ಅಲ್ಲಿ ಪ್ರವೇಶವಿಲ್ಲ.

ದುಡ್ಡು ಹಾಕುವ ಮೊದಲು

ಪೇಟೆಯ ಅಂಗಡಿಯಲ್ಲಿ ಕಾರ್ಡ್ ಕೇಳಿದರೆ ನನಗೆ ಕೊಟ್ಟದ್ದು ಇಸ್ಪೀಟು ಕಟ್ಟು. ಅದನ್ನೇ ಬಳಸೋಣ. ಎಲೆಯ ಅಳತೆ 63×88 ಮಿ.ಮೀ.; ಒಂದು ಎ4 ಹಾಳೆಗೆ ಒಂಬತ್ತು ಹಿಡಿಯುತ್ತವೆ. ಸಾದಾ ಭೂಮಿ 15ಕ್ಕೆ ಮುದ್ರಣ ಬೇಡ: ದ್ವೀಪಕ್ಕೆ ಆಟೀನಿನ ಎಲೆ, ಜೌಗಿಗೆ ಕಳಾವರ. ಉಳಿದ 45ಕ್ಕೆ ಸರಿಯಾಗಿ ಐದು ಹಾಳೆ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕತ್ತರಿಸಿ, ಒಂದೊಂದರ ಹಿಂದೆ ಒಂದು ಇಸ್ಪೀಟು ಎಲೆ ಇಟ್ಟು ಪ್ಲಾಸ್ಟಿಕ್ ಕವರಿಗೆ ತೂರಿಸಿ. ಹಿಂಬದಿ ಕಾಣದ ಕವರ್‌ ಆಗಿರಲಿ. 60 ಬೇಕಾದ್ದರಿಂದ ಹಳೆಯ ಕಟ್ಟು ಎರಡು ಬೇಕು. ಅಧಿಕೃತ ಸ್ಪರ್ಧೆಗೆ ಇವು ನಡೆಯುವುದಿಲ್ಲ, ಮನೆಯಲ್ಲಿ ಆಡಿ ನೋಡಲು ಧಾರಾಳ ಸಾಕು. ಕಟ್ಟು ಪಳಗಿದ ಮೇಲೆ ಅಸಲಿ ಎಲೆ ತರಿಸಿಕೊಂಡರಾಯಿತು. ಅಸಲಿ ಬಂದಾಗ ಮಿನುಗುವ ಫಾಯಿಲ್ ಎಲೆಗಳಿಗೆ ಮರುಳಾಗಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅವು ಹಪ್ಪಳದ ಹಾಗೆ ಮುದುರುತ್ತವೆ. ಬಿಗಿ ಮುಚ್ಚಳದ ಡಬ್ಬ, ಒಳಗೊಂದು ಸಿಲಿಕಾ ಪೊಟ್ಟಣ.

ಒಬ್ಬರೇ ಕೂತು

ಎದುರಾಳಿ ಸಿಗುವ ಮೊದಲು ಇಪ್ಪತ್ತು ಸಲ ಕಲೆಸಿ, ಏಳೇಳು ಎಲೆ ತೆಗೆದು, ಐದಾರು ಸರದಿ ಒಬ್ಬರೇ ಆಡಿ. ಕುಲುಮೆ, ಕತ್ತಿ ಎರಡೂ ಎಷ್ಟನೇ ಸರದಿಗೆ ಕೂಡಿದವೆಂದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಎರಡರಿಂದ ನಾಲ್ಕು ಭೂಮಿ, ಜೊತೆಗೆ ಯಂತ್ರದ ಒಂದು ಭಾಗ ಅಥವಾ ಹುಡುಕುವ ಒಂದು ಎಲೆ ಇದ್ದ ಕೈಯನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮತ್ತೆ ಏಳು ತೆಗೆದು ಒಂದನ್ನು ಕಟ್ಟಿನ ಅಡಿಗೆ ತಳ್ಳಲು ನಿಯಮವಿದೆ. ಯಾವ ಎಲೆ ಕೈಗೆ ಬಂದಾಗಲೆಲ್ಲ ಮುಖ ಸಣ್ಣದಾಗುತ್ತದೋ ಅದನ್ನು ಕಿತ್ತು ಹಾಕಿ.

ಎದುರಾಳಿ ಸಿಕ್ಕ ಮೇಲೆ ಯಂತ್ರವನ್ನು ತಡೆಯುವ ಎಲೆಗಳೂ ಎದುರಾಗುತ್ತವೆ. ಅವನು ಪಿಥಿಂಗ್ ನೀಡಲ್ ಎಂಬ ಎಲೆ ಇಳಿಸಿ ಕುಲುಮೆಯ ಹೆಸರು ಹೇಳಿದರೆ ಕುಲುಮೆ ನಿಂತಿತು. ಒಲೆ ಮಾತ್ರ ನಿಲ್ಲುವುದಿಲ್ಲ, ಮಾನಾ ಕೊಡುವ ಗುಣವನ್ನು ಆ ಸೂಜಿ ಮುಟ್ಟಲಾರದು. ರೆಸ್ಟ್ ಇನ್ ಪೀಸ್ ಬಂದರೆ ಎಸೆದ ರಾಶಿಯೇ ಮಾಯ. ಕತ್ತಿ ಏಳಲು ಜಾಗವಿಲ್ಲ.

ಯಂತ್ರ ಮೊದಲ ಸಲ ತಿರುಗಿದ ದಿನ ನನ್ನ ಈ ಕಟ್ಟನ್ನು ಆಡುತ್ತಿದ್ದ ಅಕ್ಕನ ಮಗ ‘ಮಾವಾ, ಇದು ಮುಗಿತಿಲ್ಲೆ!’ ಎಂದು ಕೂಗಿದ. ಆದರೆ ನಿಯಮದಲ್ಲಿ ‘ಅನಂತ’ ಎಂಬ ಉತ್ತರ ಇಲ್ಲ, ಎಷ್ಟು ಸಲವೆಂದು ಅಂಕಿ ಹೇಳಬೇಕು. ‘ಒಂದು ಲಕ್ಷ’ ಎಂದ. ಲಕ್ಷ ಚಿಟ್ಟೆ ಎದ್ದವು. ಈಗ ತಾನೇ ಹುಟ್ಟಿದ ಜೀವಿ ಅದೇ ಸರದಿಯಲ್ಲಿ ದಾಳಿ ಮಾಡುವಂತಿಲ್ಲವಲ್ಲ, ಸರದಿ ನನಗೆ ಬಂತು. ಎಲ್ಲ ಜೀವಿಗಳನ್ನೂ ಕೊಲ್ಲುವ ಎಲೆಯೊಂದು ನನ್ನ ಕೈಯಲ್ಲಿತ್ತು. ಆವತ್ತೇ ಅವನು ಟೈಮ್ ಸಿವ್ ಎರಡನ್ನು ಕಟ್ಟಿಗೆ ಸೇರಿಸಿದ್ದು. ಈ ‘ಜರಡಿ’ಗೆ ಐದು ಸಲಕರಣೆ ಬಲಿ ಹಾಕಿದರೆ ಇನ್ನೊಂದು ಸರದಿ ನಿಮ್ಮದೇ. ಬೆಲೆ ಎರಡೇ ಮಾನಾ ಆದ್ದರಿಂದ ಮಡಲ್ ಇದನ್ನೂ ಹುಡುಕಿ ಕೊಡುತ್ತದೆ. ಮರುದಿನ ಲಕ್ಷ ಚಿಟ್ಟೆಗಳಲ್ಲಿ ಐದನ್ನು ಜರಡಿಗೆ ಹಾಕಿ, ಸರದಿ ನನಗೆ ಬಾರದ ಹಾಗೆ ಮಾಡಿ, ಉಳಿದ 99,995ನ್ನು ನನ್ನ ಮೇಲೆ ಬಿಟ್ಟ.