ವಿನ್ಯಾಸ ಕಲಿತವರಿಗೊಂದು ಕಿವಿಮಾತು

ವಿನ್ಯಾಸಶಾಸ್ತ್ರದ ವ್ಯಾಸಂಗವನ್ನು ಮುಗಿಸಿ, ಪದವಿಪತ್ರವನ್ನು ಕೈಯಲ್ಲಿ ಹಿಡಿದು, ಮುಂದಿನ ದಾರಿ ಯಾವುದೆಂದು ಚಿಂತಾಕ್ರಾಂತರಾಗಿರುವ ತರುಣ ಮಿತ್ರರೇ, ಉದ್ಯೋಗದ ಹೆಸರನ್ನು ಅರಸುವುದಕ್ಕೆ ಮುನ್ನ, ಯಾವ ವಸ್ತುವಿನ ಸಹವಾಸದಲ್ಲಿ ನಿಮಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲವೆಂಬುದನ್ನು ಗುರುತಿಸಿಕೊಳ್ಳಿರಿ. 1958ರಲ್ಲಿ ಭಾರತ ಸರ್ಕಾರಕ್ಕೆ ವಿನ್ಯಾಸದ ಕುರಿತು ವರದಿಯನ್ನೊಪ್ಪಿಸಿದ ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿಗಳು, ನಮ್ಮ ಮನೆಮನೆಯ ತಂಬಿಗೆಯನ್ನೇ ಮುಂದಿರಿಸಿಕೊಂಡು, ಅದರ ತೂಕವೆಷ್ಟು, ಸೊಂಟದ ಮೇಲೆ ಅದು ಹೇಗೆ ಕೂರುವುದು, ನೀರು ಸುರಿಯುವಾಗ ಹೇಗೆ ವಾಲುವುದು ಎಂದು ಪ್ರಶ್ನಿಸುತ್ತ ಹೋದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1961ರಲ್ಲಿ ಜನ್ಮ ತಳೆದುದು ಆ ವರದಿಯ ಪ್ರೇರಣೆಯಿಂದಲೇ.

ಮೊದಲ ಸಂಬಳದ ಆತುರ ಸಹಜವೇ ಆದರೂ, ಅನುಕೂಲವುಳ್ಳವರು ಕೆಲವು ತಿಂಗಳಾದರೂ ಚನ್ನಪಟ್ಟಣದಂತಹ ಊರಿನಲ್ಲಿ ಕುಶಲಕರ್ಮಿಯ ಪಕ್ಕದಲ್ಲಿ ಕುಳಿತು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನೊತ್ತಿದೊಡನೆ ಘರ್ಷಣೆಯ ಕಾವಿಗೆ ಅದು ಕರಗಿ ಹರಡುವುದನ್ನೂ, ಕೇದಗೆಯ ಗರಿಯಿಂದ ಉಜ್ಜಿದಾಗ ಹೊಳಪೇರುವುದನ್ನೂ ಕಣ್ಣಾರೆ ಕಾಣಬೇಕೆಂಬುದು ನನ್ನ ಅಪೇಕ್ಷೆ. (ಗಣಕಯಂತ್ರದ ಪರದೆಯ ಮೇಲೆ ಆ ಕಾವು ಕೈಗೆ ತಾಗದು.) ಸಂದರ್ಶನಕ್ಕೆ ಹೋಗುವಾಗ ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಅಂದವಾದ ಅಂತಿಮ ಚಿತ್ರಗಳೊಡನೆ, ಕೈಬಿಟ್ಟ ಕರಡುಗಳನ್ನೂ, ಏಕೆ ಕೈಬಿಟ್ಟಿರೆಂಬ ಎರಡು ಮಾತನ್ನೂ ಇಡಿರಿ, ನಿಮ್ಮ ವಿವೇಚನೆ ಗೋಚರವಾಗುವುದು ಅಲ್ಲಿಯೇ. ಪುಕ್ಕಟೆಯಾಗಿ ಮಾದರಿ ಮಾಡಿಕೊಡಿರೆಂದು ಕೇಳುವವರಿಗೆ ವಿನಯದಿಂದಲೇ ಆಗದೆನ್ನಿರಿ.